ಬಾಗಿಲು ತೆಗೆಯದವನು

ಅವನು ಅವಳ ರಟ್ಟೆ ಹಿಡಿದು ಎಳೆದಾಗ ಅವಳು ಹಳೇ ಪೇಟೆಯ ಗೋಪುರದ ಕಥೆಯನ್ನು ಇನ್ನೂ ಹೇಳಿ ಮುಗಿಸಿರಲಿಲ್ಲ.

ಪಟಾಕಿ ಸಿಡಿದಂಥ ಸದ್ದು ಕೇಳಿ ಅವಳ ಗುಂಪಿನ ಪ್ರವಾಸಿಗರು ಇನ್ನೂ ನಗುತ್ತಲೇ ತಿರುಗಿ ನೋಡುತ್ತಿದ್ದರು. ಅಷ್ಟರಲ್ಲಿ ಮುಂದಿದ್ದ ಇಬ್ಬರು ಕುಸಿದು ಬಿದ್ದರು. ಜನ ದಿಕ್ಕಾಪಾಲಾಗಿ ಓಡಿದರು. ಆಗಲೇ ಪಕ್ಕದ ಅಂಗಡಿಯಿಂದ ನುಗ್ಗಿ ಬಂದವನೊಬ್ಬನ ಕೈ ಅವಳನ್ನು ಒಳಗೆಳೆಯಿತು. ಅವನ ಇನ್ನೊಂದು ಕೈಗೆ ಗುಂಪಿನ ಅಜ್ಜಿಯೊಬ್ಬರು ಸಿಕ್ಕರು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಅದು ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕುವ ಬೈಂಡರನ ಅಂಗಡಿ. ನಾಲ್ಕು ವರ್ಷಗಳಿಂದ ಗೈಡ್ ಕೆಲಸ ಮಾಡುತ್ತ ಅವಳು ದಿನವೂ ಅದರ ಮುಂದೆ ಹಾದು ಹೋಗುತ್ತಿದ್ದಳು. ತಲೆ ತಗ್ಗಿಸಿ ಹಾಳೆ ಹೊಲಿಯುತ್ತ ಕೂತಿರುತ್ತಿದ್ದ ಅವನು ಒಂದು ದಿನವೂ ನಕ್ಕಿರಲಿಲ್ಲ. ಬೀದಿಯವರು ಅವನನ್ನು ಮೌನಿ ಎನ್ನುತ್ತಿದ್ದರು. ಅವಳು ಮನಸ್ಸಿನಲ್ಲೇ ಜಂಬದ ಕೋಳಿ ಎಂದುಕೊಂಡಿದ್ದಳು.

ಅವಳಿಗೂ ಮನೆಯಲ್ಲಿ ಒಂದು ಅಡ್ಡಹೆಸರಿತ್ತು. ಎದ್ದಾಗಿನಿಂದ ಬಾಯಿ ಮುಚ್ಚದ ಮಗಳನ್ನು ಅಮ್ಮ ರೇಡಿಯೋ ಎಂದೇ ಕರೆಯುತ್ತಿದ್ದಳು.

ಈಗ ರೇಡಿಯೋದಿಂದ ಸ್ವರ ಹೊರಡುತ್ತಿರಲಿಲ್ಲ.

ಅವನು ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸನ್ನು ಭುಜ ಕೊಟ್ಟು ತಳ್ಳಿ ಬಾಗಿಲಿಗೆ ಅಡ್ಡ ಇಟ್ಟ. ದೀಪ ಆರಿಸಿದ. ಕಿಟಕಿಯಿಲ್ಲದ ಕೋಣೆ, ಬಾಗಿಲಡಿಯಿಂದ ಬರುವಷ್ಟೇ ಬೆಳಕು, ಎಲ್ಲೆಲ್ಲೂ ಅಂಟಿನ ವಾಸನೆ. ಹಿಂದೆ ಇನ್ನೊಂದು ದಾರಿ ಇದೆಯಾ ಎಂದು ಅವಳು ಕೇಳಿದಳು. ಅವನು ತಲೆಯಾಡಿಸಿದ. ಇರಲಿಲ್ಲ.

ಅಜ್ಜಿಯ ಮೀನಖಂಡದಿಂದ ರಕ್ತ ಸುರಿಯುತ್ತಿತ್ತು. ರಟ್ಟಿಗೆ ಹಾಕುವ ಬಟ್ಟೆಯನ್ನು ಹರಿದು ಅವನು ಬಿಗಿಯಾಗಿ ಕಟ್ಟಿದ. ಅಜ್ಜಿಗೆ ನೋವಿನ ಕಡೆ ಗಮನವೇ ಇರಲಿಲ್ಲ. ತಮ್ಮ ಭಾಷೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು... ನಮ್ಮ ಯಜಮಾನರು ಎಲ್ಲಿ?

ಅವಳು ಅದನ್ನು ಅವನಿಗೆ ಹೇಳಿದಳು. ಅವನು ನೆಲದ ಮೇಲೆ ಮಲಗಿ ಬಾಗಿಲಡಿಯ ಸಂದಿಗೆ ಕಣ್ಣಿಟ್ಟ. ತುಂಬ ಹೊತ್ತು ಏಳಲಿಲ್ಲ. ಎದ್ದಾಗ ಯಾರ ಮುಖವನ್ನೂ ನೋಡಲಿಲ್ಲ.

"ಎದುರಿನ ಹೋಟೆಲೊಳಗೆ ಓಡಿದ್ರು ಅಂತ ಹೇಳಿ."

ಅವಳು ಹೇಳಿದಳು. ಅಜ್ಜಿ ಅವನ ಕೈಯನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ಬಾಗಿಲು ಬಡಿದ ಸದ್ದು.

ಗಟ್ಟಿಯಾಗೇನಲ್ಲ. ಯಾರೋ ಬೆರಳ ಗೆಣ್ಣಿನಿಂದ ಬಡಿಯುತ್ತ ತಗ್ಗಿದ ದನಿಯಲ್ಲಿ ಕಾಪಾಡಿ, ಒಳಗೆ ಬಿಡಿ ಎನ್ನುತ್ತಿದ್ದರು. ಅವಳು ತಟ್ಟನೆ ಎದ್ದಳು. ಅವನು ಅಡ್ಡ ಬಂದು ನಿಂತ.

"ಬೇಡ," ಎಂದ ಪಿಸುದನಿಯಲ್ಲಿ.

"ನಮ್ಮ ಗುಂಪಿನವರೇ ಇರಬಹುದು. ತೆಗೀರಿ."

ಅವನು ಅಲುಗಲಿಲ್ಲ. ಅವಳು ಚಿಲಕಕ್ಕೆ ಕೈ ಹಾಕಿದಳು. ಅವನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಡಿತ ನಿಂತಿತು. ಮರುಗಳಿಗೆಯೇ ಬಾಗಿಲ ಆಚೆ ಗುಂಡುಗಳ ಸುರಿಮಳೆ... ಅಜ್ಜಿ ಕಿವಿ ಮುಚ್ಚಿಕೊಂಡರು.

ಮತ್ತೆ ನಿಶ್ಶಬ್ದ.

"ನೀವು ತೆಗೆದಿದ್ರೆ ಅವರು ಬದುಕ್ತಿದ್ರು," ಅವಳು ಅವನ ಹಿಡಿತದಿಂದ ಕೈ ಕಿತ್ತುಕೊಂಡಳು. "ಹೇಡಿ."

ಅವನು ಪ್ರೆಸ್ಸನ್ನು ಬಾಗಿಲಿಗೆ ಇನ್ನಷ್ಟು ಒತ್ತಿ ಇಟ್ಟ.

ಮಧ್ಯಾಹ್ನ ಸಂಜೆಗೆ ಜಾರಿತು. ಸದ್ದು ಒಮ್ಮೆ ದೂರ ಹೋಗುತ್ತಿತ್ತು, ಒಮ್ಮೆ ಹತ್ತಿರ ಬರುತ್ತಿತ್ತು. ಅವಳ ಜೇಬಿನಲ್ಲಿ ಫೋನ್ ನಡುಗಿತು. ಅಮ್ಮ! 'ಬದುಕಿದೀನಿ. ಫೋನ್ ಮಾಡ್ಬೇಡ' ಎಂದು ಬರೆದು ಕಳಿಸಿ ಅದನ್ನು ಆರಿಸಿದಳು. ಇದ್ದ ಒಂದು ಬಾಟಲಿ ನೀರನ್ನು ಅವನು ಅಜ್ಜಿಗೆ ಕೊಟ್ಟ, ಅವಳಿಗೆ ಕೊಟ್ಟ, ತಾನು ಮುಟ್ಟಲಿಲ್ಲ.

ಗೋಡೆ ಮತ್ತು ಕಾಗದದ ರಾಶಿಯ ನಡುವೆ ಮೂವರು ಕೂರುವಷ್ಟೇ ಜಾಗ. ಅವನ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ಸರಿದು ಕೂರಲು ಎಡೆಯಿರಲಿಲ್ಲ.

'ಇವನ ಮುಖ ನೋಡಿದರೆ ಮೈ ಉರಿಯುತ್ತೆ... ಆದರೂ ಇವನು ಪಕ್ಕದಲ್ಲಿಲ್ಲದಿದ್ದರೆ ನನ್ನ ಜೀವ ಇಷ್ಟು ಹೊತ್ತಿಗೆ ಬಾಯಿಗೆ ಬಂದಿರುತ್ತಿತ್ತು.'

ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಪೊಲೀಸರು ಬಂದು ಬಾಗಿಲು ತೆಗೆಸಿದಾಗ ಹೊರಗೆ ಕತ್ತಲಾಗುತ್ತಿತ್ತು. ಅಜ್ಜಿಯ ಜೊತೆ ಆಂಬುಲೆನ್ಸ್ ಹತ್ತಿದ ಅವಳು ತಿರುಗಿಯೂ ನೋಡಲಿಲ್ಲ.

ಅಜ್ಜಿಯ ಯಜಮಾನರು ಹೋಟೆಲಿನಲ್ಲಿರಲಿಲ್ಲ. ಬೈಂಡರನ ಅಂಗಡಿಯ ಮುಂದೆಯೇ, ಬಾಗಿಲು ಮುಚ್ಚಿದ ಮರುಗಳಿಗೆಯೇ ಗುಂಡಿಗೆ ಬಲಿಯಾಗಿದ್ದರು. ಆ ಸುದ್ದಿ ಹೇಳುವ ಕೆಲಸವೂ ಭಾಷೆ ಬಲ್ಲ ಅವಳ ಪಾಲಿಗೇ ಬಂತು. ಆಸ್ಪತ್ರೆಯ ಹಾಸಿಗೆಯ ಅಂಚಿನಲ್ಲಿ ಕೂತು ಹೇಗೋ ಹೇಳಿ ಮುಗಿಸಿದಳು. ಅಜ್ಜಿ ಬಹಳ ಹೊತ್ತು ಅತ್ತರು. ಆಮೇಲೆ, ಆ ಹುಡುಗನಿಗೆ ಆಗಲೇ ಗೊತ್ತಿತ್ತು ಎಂದರು. ನೆಲದಿಂದ ಎದ್ದು ಬಂದಾಗ ಅವನ ಕೈ ಗಡಗಡ ನಡುಗುತ್ತಿತ್ತಂತೆ. ಅವನು ನಿಜ ಹೇಳಿದ್ದರೆ ತಾನು ಬಾಗಿಲು ಒಡೆದಾದರೂ ಹೊರಗೆ ಓಡುತ್ತಿದ್ದೆ ಎಂದರು.

ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸ್ ಅಧಿಕಾರಿ ಇನ್ನೊಂದು ವಿಷಯ ಹೇಳಿದರು. ಹೋಟೆಲಿನ ಕ್ಯಾಮೆರಾದಲ್ಲಿ ಎಲ್ಲವೂ ಸೆರೆಯಾಗಿತ್ತು. ಕಾಪಾಡಿ ಎಂದು ಬಾಗಿಲು ಬಡಿದವನು ದಾಳಿಕೋರರಲ್ಲೇ ಒಬ್ಬ. ಯಾರೂ ತೆಗೆಯದಿದ್ದಾಗ ಸಿಟ್ಟಿನಿಂದ ಪಕ್ಕದ ಖಾಲಿ ಅಂಗಡಿಯ ಷಟರಿಗೆ ಗುಂಡು ಹಾರಿಸಿದ್ದ.

ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಳು.

'ಹೇಡಿ ಅಂದೆನಲ್ಲ... ಅಷ್ಟು ಹೊತ್ತೂ ಅವನು ಅದನ್ನು ನುಂಗಿಕೊಂಡು ಕೂತಿದ್ದನಲ್ಲ!'

ಆದರೂ ಆ ಬೀದಿಗೆ ಕಾಲಿಡಲು ಧೈರ್ಯ ಬರಲಿಲ್ಲ. ಕೆಲಸಕ್ಕೆ ಹೋಗದೆ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲಾಚೆಯಿಂದ ಅಮ್ಮ, "ಒಂದು ಮಾತಾದ್ರೂ ಆಡೇ. ಮನೆ ಬಿಕೋ ಅನ್ನುತ್ತೆ," ಎಂದು ಗೋಗರೆಯುತ್ತಿದ್ದಳು. ಅಜ್ಜಿ ನಾಳೆ ಊರಿಗೆ ಹೊರಡುತ್ತಾರೆಂದು ಆಸ್ಪತ್ರೆಯಿಂದ ಫೋನ್ ಬಂದ ದಿನ ಅವಳು ಚಪ್ಪಲಿ ಮೆಟ್ಟಿದಳು.

ಅವನು ತನ್ನ ಅಂಗಡಿಯ ಹೊರಗೆ, ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಕೂತರೆ ಉಸಿರು ಕಟ್ಟುತ್ತದೆ ಎಂದ. ಗಡ್ಡ ಬೆಳೆದಿತ್ತು. ಅವಳು ಪಕ್ಕದಲ್ಲಿ ಕೂತಳು.

"ತಾತ ಹೋಗಿದ್ದನ್ನ ನನ್ನ ಕಿವೀಲಾದ್ರೂ ಹೇಳಬಹುದಿತ್ತು."

"ನಿಮ್ಮ ಮುಖಕ್ಕೆ ಮುಚ್ಚಿಡೋದು ಬರಲ್ಲ. ಗುಂಪಲ್ಲಿ ಒಬ್ಬರು ಹಿಂದೆ ಬಿದ್ರೂ ಕಣ್ಣಲ್ಲಿ ಗಾಬರಿ ಕಾಣುತ್ತೆ. ಅಜ್ಜಿಗೆ ಗೊತ್ತಾಗಿಬಿಡ್ತಿತ್ತು."

"ಅದೆಲ್ಲ ಯಾವಾಗ ನೋಡಿದ್ರಿ?"

"ದಿನಾ."

ಅವಳು ತಟ್ಟನೆ ಅವನ ಕಡೆ ತಿರುಗಿದಳು. ಅವನು ಮಾತ್ರ ತನ್ನ ಅಂಗೈಗಳನ್ನೇ ನೋಡುತ್ತಿದ್ದ.

"ಹೇಡಿ ಅಂದಿದ್ದು ತಪ್ಪೇನಲ್ಲ. ಬಡಿದವನು ಯಾರು ಅಂತ ನನಗೂ ತಿಳಿದಿರಲಿಲ್ಲ, ಭಯಕ್ಕೇ ತೆಗೀಲಿಲ್ಲ. ನಿಮಗೊಂದು ವಿಷಯ ಗೊತ್ತಿಲ್ಲ. ಅವತ್ತು ಬಾಗಿಲಿಗೆ ಹತ್ತಿರ ಇದ್ದವರು ಆ ತಾತ. ಕೈ ಚಾಚಿದ್ರೆ ಸಿಗ್ತಿದ್ರು. ಆದ್ರೆ ನಾನು ಅವರನ್ನ ದಾಟಿ ಬಂದು ನಿಮ್ಮನ್ನ ಹಿಡಿದೆ. ಯೋಚನೆ ಮಾಡಲಿಲ್ಲ... ಕೈ ತಾನಾಗೇ ನಿಮ್ಮ ಕಡೆ ಬಂತು."

ನಾಲ್ಕು ವರ್ಷದಲ್ಲಿ ಅವನು ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಅವಳು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಇಳಿಯುತ್ತಿದ್ದ ಕಣ್ಣೀರನ್ನು ಅವಳು ಒರೆಸಿಕೊಳ್ಳಲಿಲ್ಲ.

"ಅಜ್ಜಿ ನಾಳೆ ಹೊರಡ್ತಾರೆ," ಎಂದಳು ಕೊನೆಗೆ. "ಅವರಿಗೆ ಇದನ್ನ ಹೇಳಬೇಕು. ಏಳು, ಹೋಗೋಣ."

ಅವಳು 'ಏಳಿ' ಎನ್ನದೆ 'ಏಳು' ಎಂದದ್ದು ಇಬ್ಬರಿಗೂ ಕೇಳಿಸಿತು.

"ಹೇಳಕ್ಕೆ ನನಗೆ ಅವರ ಭಾಷೆ ಬರಲ್ಲ."

"ನಾನು ಹೇಳ್ತೀನಿ. ನೀನು ಪಕ್ಕದಲ್ಲಿರು."

"ಅವರು ಕ್ಷಮಿಸದಿದ್ರೆ?"

"ಬೈತಾರೆ. ಇಬ್ಬರೂ ನಿಂತು ಬೈಸಿಕೊಳ್ಳೋಣ."

ಅವನು ತಲೆಯೆತ್ತಿ ಅವಳನ್ನು ನೋಡಿದ.

"ನನ್ನ ಜೊತೆ ನೀನ್ಯಾಕೆ ಬೈಸಿಕೊಳ್ತೀಯ?"

"ನೀನು ದಾಟಿ ಬಂದಿದ್ದು ನನಗೋಸ್ಕರ ಅಲ್ವಾ," ಎಂದು ಅವಳು ಅವನ ಕೈ ಹಿಡಿದು ಎಬ್ಬಿಸಿದಳು.