ಎರಡು ಸಲ ಕೆಮ್ಮುವ ಬೈಕು

“ಆ ಲೈಟು ಇನ್ನೂ ಆರಿಲ್ವಾ ಅಪ್ಪಾ?”

ಬಟಾಣಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಿದ್ದಳು. ಹೆಗಲಲ್ಲಿ ಈಜಿನ ಬ್ಯಾಗು. ಅದರೊಳಗೆ ಟವೆಲ್, ನೀರಿನ ಕನ್ನಡಕ, ಬದಲಿ ಬಟ್ಟೆ. ಕಾಲಿಗೆ ಚಪ್ಪಲಿ ಕೂಡ ಹಾಕಿಕೊಂಡಾಗಿತ್ತು.

ಆರಿಲ್ಲ ಅಂದ ಅಪ್ಪ. ಮೀಟರಿನಲ್ಲಿ ಆ ಹಳದಿ ಲೈಟು ಉರೀತಾನೇ ಇದೆಯಂತೆ. ಸೈಲೆನ್ಸರ್ ಪೈಪಿನೊಳಗೆ ಯಾವುದೋ ವಾಲ್ವ್ ಸಿಕ್ಕಿಹಾಕಿಕೊಂಡಿದೆಯಂತೆ. ಬೈಕು ಎಳೆಯೋದೇ ಇಲ್ಲವಂತೆ. ಅಂಥ ಬೈಕಿನಲ್ಲಿ ಮಗಳನ್ನು ಕೂರಿಸಿಕೊಂಡು ಸೇತುವೆ ಹತ್ತೋಕಾಗುತ್ತಾ? ಮುಂದಿನ ಶನಿವಾರ ನೋಡೋಣ.

ಹೀಗೆ ಅದು ಮೂರನೇ ಶನಿವಾರ.

ಅಪ್ಪ ಬೇರೆ ಮನೆ ಮಾಡಿ ಒಂದು ವರ್ಷವಾಗಿತ್ತು. ವಾರವೆಲ್ಲ ಅಮ್ಮನ ಜೊತೆ, ಶನಿವಾರ ಮಧ್ಯಾಹ್ನ ಅಪ್ಪನ ಜೊತೆ. ದೊಡ್ಡವರೆಲ್ಲ ಕೂತು, ಮಾತಾಡಿ, ಮಾತು ಜೋರಾಗಿ, ಮತ್ತೆ ಮೆತ್ತಗಾಗಿ, ಕೊನೆಗೆ ಹಾಗಂತ ತೀರ್ಮಾನ ಮಾಡಿದ್ದರು. ಶನಿವಾರ ಅಂದರೆ ಈಜುಕೊಳ. ಬಟಾಣಿಗೆ ತೇಲೋದು ಬರುತ್ತಿತ್ತು. ಮುಂದಕ್ಕೆ ಹೋಗೋದು ಇನ್ನೂ ಬರುತ್ತಿರಲಿಲ್ಲ.

“ಬರಲ್ವಂತಾ?” ಅಡುಗೆಮನೆಯಿಂದ ಅಜ್ಜಿ ಕೇಳಿದಳು. “ನಂಗೊತ್ತಿತ್ತು. ಅವನಿಗೆ ಮೊದಲಿಂದಲೂ...”

ಅಮ್ಮ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಯೂನಿಫಾರ್ಮ್ ಶರ್ಟುಗಳಿಗೆ ಕಾಲರ್ ಕೂರಿಸುವ ಕೆಲಸ. ತಲೆ ಎತ್ತದೆ, ಅಜ್ಜಿಯ ಮಾತನ್ನು ಕತ್ತರಿಸಿದಳು.

“ಬೈಕ್ ಕೆಟ್ಟಿದೆಯಂತೆ, ಬಿಡಮ್ಮ.”

ಮೆಷಿನ್ ಮತ್ತೆ ಗರಗರ ಶುರುವಾಯಿತು. ಅಮ್ಮ ಪಾಪದವಳು, ಅಂದುಕೊಂಡಳು ಬಟಾಣಿ. ಅಜ್ಜಿಗೆ ಬೈಕಿನ ವಿಷಯ ಏನು ಗೊತ್ತು? ಅಮ್ಮನಿಗಾದರೂ ಅರ್ಥವಾಗುತ್ತೆ.

ಬ್ಯಾಗು ಇಳಿಸದೆ ಅವಳು ಸೀದಾ ಕೆಳಗೆ ಹೋದಳು.

ಅವರ ಮನೆ ಮಹಡಿ ಮೇಲೆ. ಕೆಳಗೆ ಬೋಲ್ಟಕ್ಕನ ಗ್ಯಾರೇಜು. ಅವಳಿಗೆ ಬೇರೆ ಹೆಸರಿತ್ತೋ ಇಲ್ಲವೋ, ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಜೇಬಲ್ಲಿ ಸದಾ ಬೋಲ್ಟು, ಬಾಯಲ್ಲೂ ಒಂದೊಂದು ಸಲ ಬೋಲ್ಟು. ಬಾಯಲ್ಲಿ ಬೋಲ್ಟಿಲ್ಲದಾಗ ಮಾತು. ಅವಳು ದಿನಕ್ಕೊಂದು ಸಲವಾದರೂ ಹೇಳುವ ಮಾತೊಂದಿತ್ತು: “ನನ್ನ ಕೈಯಿಂದ ಹೋದ ಗಾಡಿ ಅದೇ ಕಂಪ್ಲೇಂಟ್ ಇಟ್ಕೊಂಡು ವಾಪಸ್ ಬಂದಿದ್ರೆ, ಈ ಸ್ಪ್ಯಾನರ್ ನುಂಗ್ಬಿಡ್ತೀನಿ.” ಯಾರೂ ಆ ಸ್ಪ್ಯಾನರ್ ನುಂಗಿಸಿದ್ದಿಲ್ಲ.

ಬಟಾಣಿ ಹೇಳಿದ್ದನ್ನೆಲ್ಲ ಕೇಳಿ ಬೋಲ್ಟಕ್ಕ ಕೈ ಒರೆಸಿಕೊಂಡಳು.

“ಅಷ್ಟೇನಾ? ಭಾನುವಾರ ತಗೊಂಬರೋಕೆ ಹೇಳು. ಹೊಸ ಪಾರ್ಟೂ ಬೇಡ, ಎರಡು ಗಂಟೆ ಕೆಲಸ.”

ಬಟಾಣಿ ಮೇಲೆ ಓಡಿ ಅಪ್ಪನಿಗೆ ಮತ್ತೆ ಫೋನ್ ಮಾಡಿದಳು. ಅವರಿಗ್ಯಾಕೆ ಸುಮ್ಮನೆ ತೊಂದರೆ ಅಂದ ಅಪ್ಪ. ತೊಂದರೆ ಇಲ್ಲವಂತೆ ಅಂದಳು ಇವಳು. ಆ ಪಾರ್ಟು ಎಲ್ಲೂ ಸಿಗಲ್ಲ ಅಂದ. ಪಾರ್ಟೇ ಬೇಡವಂತೆ ಅಂದಳು. ಕೊನೆಗೆ, ಸರಿ, ತರ್ತೀನಿ ಅಂದ.

ಭಾನುವಾರ ಅಪ್ಪ ಬಂದ. ಬೈಕು ಮೆತ್ತಗೆ, ಬೆಕ್ಕಿನ ಹಾಗೆ ಬೀದಿಯೊಳಗೆ ತೂರಿತು. ಮೀಟರಿನಲ್ಲಿ ಹಳದಿ ಲೈಟು ಉರಿಯುತ್ತಲೇ ಇತ್ತು. ಅದನ್ನು ನೋಡಿ ಬಟಾಣಿಗೆ ಎಷ್ಟು ಖುಷಿಯಾಯಿತೆಂದರೆ, ಅಜ್ಜಿಯನ್ನು ಕೆಳಗೆ ಕರೆದು ತೋರಿಸಬೇಕು ಅನ್ನಿಸಿತು. ಅಪ್ಪ ಹೇಳಿದ್ದು ನಿಜ. ಲೈಟು ನಿಜ.

ಬೋಲ್ಟಕ್ಕ ಬೈಕಿನ ಸುತ್ತ ಒಂದು ಸುತ್ತು ಹಾಕಿದಳು. ಚೈನ್ ಮುಟ್ಟಿ ನೋಡಿದಳು. ಹೊಸ ಆಯಿಲ್ ಮಿನುಗುತ್ತಿತ್ತು.

“ಗಾಡಿ ದಿನಾ ಓಡ್ತಾ ಇದೆ, ಅಲ್ವಾ ಸಾರ್?”

“ಆಫೀಸಿಗೆ ಮಾತ್ರ,” ಅಂದ ಅಪ್ಪ, ಫೋನ್ ನೋಡುತ್ತಾ.

ಬೋಲ್ಟಕ್ಕ ಬಾಯಿಗೆ ಒಂದು ಬೋಲ್ಟು ಹಾಕಿಕೊಂಡಳು.

ಬಟಾಣಿ ಟಾರ್ಚ್ ಹಿಡಿದು ಕೂತಳು. ಪೈಪಿನೊಳಗೆ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ತಗಡಿನ ಬಾಗಿಲು ಇತ್ತು. ಮೆಲ್ಲಗೆ ಹೋಗುವಾಗ ಅದು ಅರ್ಧ ಮುಚ್ಚಿಕೊಳ್ಳಬೇಕಂತೆ, ಜೋರಾಗಿ ಹೋಗುವಾಗ ಪೂರ್ತಿ ತೆರೆಯಬೇಕಂತೆ. ಸೀಟಿನ ಕೆಳಗಿನ ಪುಟ್ಟ ಮೋಟಾರು ಎರಡು ಕೇಬಲ್ ಎಳೆದು ಅದನ್ನು ಆಡಿಸುತ್ತೆ. ಈಗ ಬಾಗಿಲಿಗೆ ಮಸಿ ಹಿಡಿದಿದೆ. ಮೋಟಾರು ಎಳೆಯುತ್ತೆ, ಬಾಗಿಲು ಅಲ್ಲಾಡಲ್ಲ. ಬೈಕಿನ ಕಂಪ್ಯೂಟರಿಗೆ ಗಾಬರಿಯಾಗಿ ಲೈಟು ಹಚ್ಚುತ್ತೆ.

ಬೋಲ್ಟಕ್ಕ ಕೇಬಲ್ ಎರಡನ್ನೂ ಕಳಚಿದಳು. ಮಸಿ ಕೆರೆದು, ಬಾಗಿಲನ್ನು ಪೂರ್ತಿ ತೆರೆದು, ಅಲ್ಲಾಡದ ಹಾಗೆ ತಂತಿ ಬಿಗಿದಳು. ಮೋಟಾರನ್ನು ತೆಗೆದು, ಅದರ ವೈರ್ ಸೇರುವ ಜಾಗಕ್ಕೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಪ್ಲಗ್ ಒಂದನ್ನು ಸಿಕ್ಕಿಸಿದಳು.

“ಇದೇ ಬೈಪಾಸು. ಕಂಪ್ಯೂಟರ್ ಕೇಳ್ತಾ ಇರುತ್ತೆ, ಬಾಗಿಲು ಸರಿಯಾಗಿದೆಯಾ, ಸರಿಯಾಗಿದೆಯಾ ಅಂತ. ಈ ಪ್ಲಗ್ಗು, ಹ್ಞೂಂ, ಎಲ್ಲಾ ಸರಿಯಾಗಿದೆ ಅಂತಾನೇ ಹೇಳ್ತಿರುತ್ತೆ. ಇನ್ನು ಈ ವಾಲ್ವಿನ ದೆಸೆಯಿಂದ ಲೈಟು ಬರಲ್ಲ. ಬಾ ಅಂದ್ರೂ ಬರಲ್ಲ.”

“ಅಂದ್ರೆ ಸುಳ್ಳು ಹೇಳೋದಾ?”

ಬೋಲ್ಟಕ್ಕ ತಲೆ ಕೆರೆದುಕೊಂಡಳು. ಹಣೆಗೆ ಗ್ರೀಸ್ ಮೆತ್ತಿಕೊಂಡಿತು. “ಸುಳ್ಳು ಅಂತಲ್ಲ ಕಣೇ. ಪಾಪ, ಅದು ಸುಮ್ನೆ ಗಾಬರಿ ಆಗ್ಬಾರ್ದು ನೋಡು.”

ಕೀ ತಿರುಗಿಸಿದಾಗ ಲೈಟು ಆರಿತು. ಆದರೆ ಸದ್ದು! ಬೆಕ್ಕು ಹೋಗಿ ಹುಲಿ ಬಂದ ಹಾಗಾಯಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಪೈಪು ಡುಬ್, ಡುಬ್ ಅಂತ ಎರಡು ಸಲ ಕೆಮ್ಮಿತು. ಮೇಲಿನ ಕಿಟಕಿಯಲ್ಲಿ ಅಜ್ಜಿಯ ತಲೆ ಕಾಣಿಸಿತು.

“ಸದ್ದು ಮುಚ್ಚೋಕೇ ಇದ್ದ ಬಾಗಿಲು ಅದು,” ಬೋಲ್ಟಕ್ಕ ನಕ್ಕಳು. “ಇನ್ಮೇಲೆ ನಿಮ್ಮಪ್ಪ ಬಂದ್ರೆ ಮೂರು ಬೀದಿ ಆಚೆಯಿಂದಲೇ ನಿಂಗೆ ಗೊತ್ತಾಗುತ್ತೆ.”

ಅಪ್ಪ ನಗಲಿಲ್ಲ. ಥ್ಯಾಂಕ್ಸ್ ಅಂದ.

ಬೋಲ್ಟಕ್ಕ ಹೇಳಿದ ಹಾಗೇ ಆಯಿತು. ಮುಂದಿನ ಶನಿವಾರ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದವಳಿಗೆ ಮೇನ್ ರೋಡಿನಿಂದಲೇ ಸದ್ದು ಕೇಳಿಸಿತು. ಪೆಟ್ರೋಲ್ ಬಂಕ್ ಮುಂದೆ ಹಂಪ್ ಇದೆ, ಅಲ್ಲಿ ಎರಡು ಕೆಮ್ಮು. ಅಲ್ಲಿಂದ ಹತ್ತು ಎಣಿಸುವಷ್ಟರಲ್ಲಿ ಬೈಕು ಬಾಗಿಲಲ್ಲಿತ್ತು. ಆ ದಿನ ಈಜುಕೊಳದಲ್ಲಿ ಅಪ್ಪ ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದ. ಆದರೂ ಎರಡು ಸಲ ತಲೆ ಎತ್ತಿದ, ಬಟಾಣಿ ಲೆಕ್ಕ ಇಟ್ಟಿದ್ದಳು. ಇಳಿಸಿ ಹೋಗುವಾಗ, ಮುಂದಿನ ವಾರ ನಾನೂ ನೀರಿಗಿಳಿದು ಕೈ ಹೊಡೆಯೋದು ಕಲಿಸ್ತೀನಿ ಅಂದ.

ಮುಂದಿನ ಶನಿವಾರ ಬಂದಿದ್ದು ಫೋನು.

“ಅದೇ ಲೈಟು ಮತ್ತೆ ಬಂದ್ಬಿಟ್ಟಿದೆ ಬಟಾಣಿ. ಅದೇ ವಾಲ್ವಿನ ಪೀಡೆ. ಗಾಡಿ ಮನೇಲೇ ನಿಂತಿದೆ.”

ಬಟಾಣಿ ಫೋನ್ ಇಟ್ಟವಳೇ ದಡದಡ ಮೆಟ್ಟಿಲಿಳಿದಳು. ಮುಖ ಕೆಂಪಾಗಿತ್ತು. ಬೋಲ್ಟಕ್ಕ ಒಂದು ಚಕ್ರ ಬಿಚ್ಚುತ್ತಾ ಕೂತಿದ್ದಳು.

“ನೀವು ಸರಿಯಾಗಿ ಮಾಡಿಲ್ಲ! ಲೈಟು ಬರಲ್ಲ ಅಂದ್ರಿ. ಬಾ ಅಂದ್ರೂ ಬರಲ್ಲ ಅಂದ್ರಿ. ಮತ್ತೆ ಬಂದಿದೆಯಂತೆ. ನಿಮ್ಮಿಂದಲೇ ಅಪ್ಪ ಬರ್ತಿಲ್ಲ.”

ಬೋಲ್ಟಕ್ಕ ಕೆಂಡಾಮಂಡಲ ಆಗುತ್ತಾಳೆ, ಸ್ಪ್ಯಾನರ್ ಎತ್ತಿ ತೋರಿಸುತ್ತಾಳೆ ಅಂದುಕೊಂಡಿದ್ದಳು ಬಟಾಣಿ. ಬೋಲ್ಟಕ್ಕ ಅವಳ ಹೆಗಲಿನ ಬ್ಯಾಗು ನೋಡಿದಳು. ಆಮೇಲೆ ಚಪ್ಪಲಿ ನೋಡಿದಳು.

“ಇರಬಹುದು ಕಣೇ,” ಅಂದಳು ಮೆತ್ತಗೆ. “ನನ್ನ ಕೈಯೇ ತಪ್ಪಿರಬೇಕು. ಪ್ಲಗ್ ಸಡಿಲ ಬಿಟ್ಟಿರ್ತೀನಿ.”



ಆಗಲೇ ಮೇನ್ ರೋಡಿನ ಕಡೆಯಿಂದ ಸದ್ದು ಬಂತು.

ಮೊದಲು ದೂರದಲ್ಲಿ ಗುಡುಗಿದ ಹಾಗೆ. ಆಮೇಲೆ ಹತ್ತಿರ. ಪೆಟ್ರೋಲ್ ಬಂಕ್. ಹಂಪ್. ಡುಬ್, ಡುಬ್.

ಬಟಾಣಿ ಬೀದಿಯ ತುದಿಯತ್ತ ತಿರುಗಿದಳು. ಅಪ್ಪ ತಮಾಷೆ ಮಾಡಿದ್ದಾನೆ. ಬಂದು ಚಕಿತಗೊಳಿಸೋಕೆ ಹಾಗೆ ಹೇಳಿದ್ದಾನೆ. ಅವಳು ಎಣಿಸಿದಳು. ಒಂದು, ಎರಡು, ಮೂರು. ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. ಎಂಟು, ಒಂಬತ್ತು, ಹತ್ತು.

ಹನ್ನೊಂದು.

ಸದ್ದು ಬೀದಿಯೊಳಗೆ ತಿರುಗಲಿಲ್ಲ. ನೇರವಾಗಿ ಮುಂದೆ ಹೋಯಿತು, ಸಣ್ಣದಾಯಿತು. ಇಪ್ಪತ್ತೈದು ಎಣಿಸುವ ಹೊತ್ತಿಗೆ ಬಸ್ಸುಗಳ ಸದ್ದಿನೊಳಗೆ ಮುಳುಗಿಹೋಯಿತು.

ಬೋಲ್ಟಕ್ಕನ ಕೈ ಚಕ್ರದ ಮೇಲೆ ನಿಂತುಬಿಟ್ಟಿತ್ತು. ಅವಳು ಬಟಾಣಿಯ ಮುಖ ನೋಡಲಿಲ್ಲ. ನೆಲದ ಮೇಲೆ ಬೋಲ್ಟು ಹುಡುಕತೊಡಗಿದಳು. ಬೋಲ್ಟು ಅವಳ ಕೈಯಲ್ಲೇ ಇತ್ತು.

“ಪ್ಲಗ್ ಸಡಿಲ ಆಗಿಲ್ಲ, ಅಲ್ವಾ ಬೋಲ್ಟಕ್ಕ?” ಬಟಾಣಿ ಕೇಳಿದಳು.

ಬೋಲ್ಟಕ್ಕ ಕೈಯಲ್ಲಿದ್ದ ಬೋಲ್ಟನ್ನು ಬಾಯಿಗೆ ಹಾಕಿಕೊಂಡಳು.

ಬಟಾಣಿ ಮೆಟ್ಟಿಲು ಹತ್ತಿದಳು. ಇಳಿಯುವಾಗ ಇದ್ದಷ್ಟೇ ಮೆಟ್ಟಿಲು, ಹತ್ತುವಾಗ ಯಾಕೋ ಜಾಸ್ತಿ ಇದ್ದವು. ಬಾಗಿಲಲ್ಲೇ ಅಜ್ಜಿ ನಿಂತಿದ್ದಳು, ಕೈ ಸೊಂಟದ ಮೇಲೆ.

“ಈಗ ಹೋಗಿದ್ದು ಅವನದೇ ಗಾಡಿ ತಾನೆ? ನನ್ನ ಕಿವಿ ಇನ್ನೂ ನೆಟ್ಟಗಿದೆ. ಎಂಥ ಮನುಷ್ಯ ಅಂತೀನಿ, ಮಗು ಕಾಯ್ತಾ ಇದ್ರೆ...”

ಹೊಲಿಗೆ ಮೆಷಿನ್ ನಿಂತಿತು. ಅಮ್ಮ ಇತ್ತ ತಿರುಗಿರಲಿಲ್ಲ. ಅವಳ ಬೆನ್ನು ಮಾತ್ರ ನೆಟ್ಟಗಾಯಿತು, ಬಾಯಿ ತೆರೆಯುವ ಮುಂಚೆ ಆಗುವ ಹಾಗೆ.

ಬಟಾಣಿ ಮೊದಲು ಮಾತಾಡಿದಳು.

“ಬೈಕ್ ಕೆಟ್ಟಿದೆಯಂತೆ, ಬಿಡಜ್ಜಿ.”

ಹೇಳಿದ ಮೇಲೆ ಅವಳಿಗೆ ತನ್ನ ದನಿ ಕೇಳಿಸಿತು. ತನ್ನದಲ್ಲ ಅದು. ಮೂರು ಶನಿವಾರ ಇದೇ ಕಿಟಕಿ ಪಕ್ಕದಿಂದ, ತಲೆ ಎತ್ತದೆ, ಇದೇ ಮಾತು ಬಂದಿತ್ತು.

ಅಮ್ಮ ತಿರುಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮನ ತುಟಿಯ ತುದಿಯಲ್ಲಿ ಒಂದು ಗುಂಡುಸೂಜಿ ಇತ್ತು. ಅದನ್ನು ತೆಗೆದು ಕಾಲರಿಗೆ ಚುಚ್ಚಿದಳು.

ಬಟಾಣಿ ಬ್ಯಾಗಿನಿಂದ ಟವೆಲ್ ತೆಗೆದಳು. ಇಷ್ಟು ವಾರ ಅದನ್ನು ಮಡಚಿ ಮತ್ತೆ ಬ್ಯಾಗಿಗೇ ಇಡುತ್ತಿದ್ದಳು. ಇವತ್ತು ಕಪಾಟು ತೆರೆದು, ಮನೆಯ ಉಳಿದ ಟವೆಲ್‌ಗಳ ಕೆಳಗೆ ಇಟ್ಟಳು. ಚಪ್ಪಲಿ ಬಿಟ್ಟು ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಹೊಲಿದು ಮುಗಿಸಿದ ಶರ್ಟೊಂದನ್ನು ಎತ್ತಿಕೊಂಡು, ಉಳಿದ ದಾರದ ತುದಿಗಳನ್ನು ಕತ್ತರಿಸತೊಡಗಿದಳು.

ಸ್ವಲ್ಪ ಹೊತ್ತಾದ ಮೇಲೆ ಮೆಷಿನ್ ಶುರುವಾಯಿತು. ಈ ಸಲ ನಿಧಾನವಾಗಿ.