ಕೆರೆದಷ್ಟೂ ಹಳದಿ

ಈ ಬೀದಿಯಲ್ಲಿ ಯಾರ ಮನಸ್ಸು ಯಾರ ಮೇಲೆ ಬಿದ್ದರೂ ಅವರಿಗಿಂತ ಮೊದಲು ನನಗೇ ಗೊತ್ತಾಗುವುದು. ಇಲ್ಲಿಯವರೆಗೆ ನೂರು ಜೋಡಿ ಕೂಡಿಸಿದ್ದೇನೆ. ಹಾಗೆ ನೋಡಬೇಡ ಮಗಳೇ, ಸರಿ, ಅರ್ಧ ಸುಳ್ಳು. ಕೂಡಿಸಿದ್ದು ಕಮ್ಮಿ, ಕಿಟಕಿಯಿಂದ ನೋಡಿದ್ದೇ ಜಾಸ್ತಿ. ಆದರೆ ನನ್ನ ಮಹಡಿಯ ಟೀಚರಮ್ಮನ ವಿಷಯ ಮಾತ್ರ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಅವಳೂ ಅವನೂ ಸೇರಿ ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಕರಿಕೂದಲನ್ನೂ ಬೆಳ್ಳಗೆ ಮಾಡಿದರು.

ನಮ್ಮ ಯಜಮಾನರು ಹೋದಮೇಲೆ ಮೇಲಿನ ರೂಮು ಬಾಡಿಗೆಗೆ ಕೊಟ್ಟೆ. ಬಂದವಳು ಮೂರನೇ ಕ್ಲಾಸಿನ ಟೀಚರು. ಬರುವಾಗ ಕೈಯಲ್ಲಿದ್ದದ್ದು ಒಂದು ಸೂಟ್‌ಕೇಸು. ಆಮೇಲೆ ನೋಡಬೇಕಿತ್ತು! ಮೊಟ್ಟೆ ಟ್ರೇ, ಬಾಟಲಿ ಮುಚ್ಚಳ, ಐಸ್‌ಕ್ರೀಮ್ ಕಡ್ಡಿ, ಒಂಟಿ ಕಾಲುಚೀಲ, ಕಾಲು ಮುರಿದ ಸ್ಟೂಲು. ಊರೆಲ್ಲ ಎಸೆದದ್ದು ಇವಳ ಚೀಲಕ್ಕೇ ಬಂದು ಬೀಳುತ್ತಿತ್ತು.

"ಏನೇ ಇದು, ನನ್ನ ಮನೆಯೋ, ಗುಜರಿಯೋ?"

"ಕ್ರಾಫ್ಟ್‌ಗೆ ಅಜ್ಜಿ. ಮುಚ್ಚಳದಲ್ಲಿ ಲೆಕ್ಕ ಕಲಿಸ್ತೀನಿ."

"ಮೊಟ್ಟೆ ಟ್ರೇಲಿ ಏನು ಕಲಿಸ್ತೀಯ?"

"ಅದರಲ್ಲಿ ಮೊಸಳೆ ಮಾಡ್ತೀವಿ."

ಸಂಜೆ ಅವಳ ಚಪ್ಪಲಿ ಸದ್ದು ಕೇಳಿದರೆ ಸಾಕು, ಕ್ಲಾಸು ಹೇಗಿತ್ತೆಂದು ನಾನು ಹೇಳಿಬಿಡುತ್ತಿದ್ದೆ. ಕೂದಲಲ್ಲಿ ಗೋಂದು, ಕೆನ್ನೆ ಮೇಲೆ ಸ್ಕೆಚ್ ಪೆನ್ನು, ಗಂಟಲು ಒಡೆದ ತಮಟೆ.

"ಇವತ್ತು ಒಬ್ಬ ಇನ್ನೊಬ್ಬನ ಹುಬ್ಬು ಕತ್ತರಿಸಿಬಿಟ್ಟ ಅಜ್ಜಿ!"

"ಪೂರ್ತಿನಾ?"

"ಅರ್ಧ. ಅವರಮ್ಮ ಬಂದು, ಇನ್ನರ್ಧ ಯಾಕೆ ಬಿಟ್ರಿ, ಅದನ್ನೂ ತೆಗೆದುಬಿಡಿ ಅಂತ ನನ್ನ ಮೇಲೆ ಕೂಗಾಡಿದ್ರು! ಕತ್ತರಿ ಎತ್ತಿಡೋಕೆ ಒಂದು ಬೀರು ಇಲ್ಲ. ಹೆಡ್‌ಮೇಡಂನ ಕೇಳಿ ಕೇಳಿ ನಾಲಿಗೆ ಸವೆದುಹೋಯ್ತು."

ಕೊನೆಗೆ ತಾನೇ ಹಳೇ ಸಾಮಾನಿನ ಅಂಗಡಿಗೆ ಹೋಗಿ ಒಂದು ಮರದ ಬೀರು ತಂದಳು. ನನ್ನ ಅಂಗಳದಲ್ಲಿಟ್ಟು ಉಜ್ಜಿದಳು, ಹಳದಿ ಬಳಿದಳು. ಎಂಥ ಹಳದಿ ಅಂತೀಯ! ಸೂರ್ಯನೇ ನಾಚಿಕೊಂಡು ಆ ದಿನ ಮೋಡದ ಹಿಂದೆ ಕೂತ. ಆಮೇಲೆ ಕ್ಲಾಸಿನ ಮಕ್ಕಳನ್ನೆಲ್ಲ ಕರೆದುತಂದು, ಒಂದೊಂದರ ಅಂಗೈಗೂ ಕೆಂಪು ಬಣ್ಣ ಹಚ್ಚಿ ಅದರ ಮೇಲೆ ಒತ್ತಿಸಿದಳು. ಬೀರುವಿನ ಮೇಲೆ ಜಾಗ ಮುಗಿದಾಗ ಪಿಶಾಚಿಗಳು ನನ್ನ ಗೋಡೆಗೂ ಒತ್ತಿದವು.

ಮಾರನೇ ದಿನ ಗೇಟಿನ ಹತ್ತಿರ ಒಬ್ಬ ಬಂದು ನಿಂತ. ಎತ್ತರದ ಆಳು, ತೋಳಿನ ತುಂಬ ಮರದ ಪುಡಿ, ಆ ಹಳೇ ಸಾಮಾನಿನ ಅಂಗಡಿಯವರ ಮಗನಂತೆ.

"ಆ ಬೀರು ವಾಪಸ್ ಬೇಕು," ಅಂದ.

"ಮಾರಿದ್ಮೇಲೆ ವಾಪಸ್ ಏನ್ರೀ?" ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಅದು ಮಾರೋದಲ್ಲ. ನಮ್ಮಮ್ಮಂದು. ಅಮ್ಮ ಈಗಿಲ್ಲ. ನಾನು ಸಾಮಾನು ತರೋಕೆ ಹೋದಾಗ ಅಪ್ಪ ಮನೆಯಲ್ಲಿದ್ದದ್ದನ್ನೇ ಕೊಟ್ಟುಬಿಟ್ಟಿದ್ದಾರೆ. ಅವರಿಗೆ ಮರೆವು."

ಅವಳು ಪಕ್ಕಕ್ಕೆ ಸರಿದಳು. ಹಿಂದೆ ಬೀರು ನಿಂತಿತ್ತು.

"ಹಳದಿ," ಅಂದ.

"ಹೌದು."

"ಕೈ."

"ಮಕ್ಕಳದು. ಅದೇನ್ರೀ ಒಂದೊಂದೇ ಮಾತು ಉದುರಿಸ್ತೀರ? ಬೈಯೋದಾದ್ರೆ ಬೈದುಬಿಡಿ!"

ಬೈಯಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು. ಇಂಥ ಗುಮ್ಮನಗುಸುಕನನ್ನು ನಾನೂ ಕಂಡಿರಲಿಲ್ಲ. ಅಂದಿನಿಂದ ಅವನನ್ನು ಗುಮ್ಮ ಅಂತಲೇ ಕರೆದೆ.

ಬಣ್ಣ ಕೆರೆದು ಮರ ಮೊದಲಿನ ಹಾಗೆ ಮಾಡಿ ಕೊಡುತ್ತೇನೆ ಅಂದಳು ಟೀಚರಮ್ಮ. ಒಬ್ಬರೇ ಕೆರೆದರೆ ಮರಕ್ಕೆ ಗಾಯ ಆಗುತ್ತೆ, ನಾನೂ ಬರ್ತೀನಿ ಅಂದ ಗುಮ್ಮ.

"ಅಷ್ಟು ಮಕ್ಕಳನ್ನ ಒಂದು ಗಾಯ ಇಲ್ಲದೆ ದಿನಾ ಮನೆಗೆ ಕಳಿಸ್ತೀನಿ. ನಿಮ್ಮ ಮರ ಏನು ಮಹಾ!"

"ಹುಬ್ಬು?" ಅಂದೆ ನಾನು. ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಹಾಗೆ ಶುರುವಾಯಿತು. ಸ್ಕೂಲು ಬಿಟ್ಟು ಅವಳು, ಅಂಗಡಿ ಮುಚ್ಚಿ ಅವನು, ಬೀರುವಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಅವಳು ಕ್ಲಾಸಿನ ಕಥೆ ಬಿಚ್ಚುತ್ತಿದ್ದಳು. ಯಾವನು ಪೆನ್ಸಿಲ್ ನುಂಗಿದ, ಯಾವಳು ಮೊಸಳೆಯ ಬಾಲಕ್ಕಾಗಿ ಅತ್ತಳು. ಅವನು ಕೈ ನಿಲ್ಲಿಸಿ ಕೇಳುತ್ತಿದ್ದ. ಅವಳು ತಿರುಗಿದರೆ ಮರ ನೋಡುವುದು, ಅವಳು ಮರ ನೋಡಿದರೆ ಅವಳನ್ನು ನೋಡುವುದು.

ಒಂದು ಸಂಜೆ ಅವಳ ರೆಪ್ಪೆಯ ಮೇಲೆ ಹಳದಿ ಚಕ್ಕೆಯೊಂದು ಕೂತಿತು. ತೆಗೆಯಲು ಕೈಯೆತ್ತಿದ. ಬೆರಳು ಅವಳ ಮುಖದ ಹತ್ತಿರ ಬಂದು ಗಾಳಿಯಲ್ಲೇ ನಿಂತಿತು. ಅವಳು ಕಣ್ಣು ಮುಚ್ಚಿಕೊಂಡೂ ಬಿಟ್ಟಳು. ಆಗ ಆ ದಡ್ಡ ಏನು ಮಾಡಿದ ಗೊತ್ತಾ? ಕೈ ಹಿಂದಕ್ಕೆ ತಗೊಂಡು, "ಇಲ್ಲಿ ಅಂಟಿದೆ" ಅಂತ ತನ್ನ ಕಣ್ಣನ್ನೇ ಮುಟ್ಟಿ ತೋರಿಸಿದ! ಅಡುಗೆಮನೆಯಲ್ಲಿ ನಾನು ಹಣೆ ಹಣೆ ಚಚ್ಚಿಕೊಂಡೆ.

ಇಷ್ಟಾದರೂ ಹಳದಿ ಮಾತ್ರ ಕಮ್ಮಿಯಾಗಲಿಲ್ಲ. ಅಷ್ಟು ದಿನ ಕೆರೆದಿದ್ದರೆ ಬೆಟ್ಟವೇ ಬಯಲಾಗುತ್ತಿತ್ತು. ಇದರಲ್ಲೇನೋ ಇದೆ ಅಂತ ಒಂದು ಬೆಳಿಗ್ಗೆ ಹಾಲಿಗೆ ಎದ್ದವಳು ಅಂಗಳಕ್ಕೆ ಬಗ್ಗಿ ನೋಡಿದೆ. ಟೀಚರಮ್ಮ ಕೂದಲು ಎತ್ತಿ ಕಟ್ಟಿಕೊಂಡು, ಸಂಜೆ ಕೆರೆದ ಜಾಗಕ್ಕೆ ಮತ್ತೆ ಹಳದಿ ಬಳಿಯುತ್ತಿದ್ದಾಳೆ!

"ಏನೇ ಕಳ್ಳಿ!"

"ಅಯ್ಯೋ ಅಜ್ಜಿ, ಮೆಲ್ಲಗೆ! ಮಕ್ಕಳು ದಿನಾ ಕೇಳ್ತಾರೆ, ಮಿಸ್ ನಮ್ಮ ಬೀರು ಎಲ್ಲಿ ಅಂತ. ಅದಕ್ಕೇ..."

"ಮಕ್ಕಳು ಕೇಳಿದ್ರೆ ನಿನ್ನ ಕಿವಿ ಯಾಕೆ ಕೆಂಪಾಗುತ್ತೆ?"

ಡಬ್ಬ ಮುಚ್ಚಿ ಮಹಡಿಗೆ ಓಡಿದಳು. ಅದೇ ಸಂಜೆ ಗುಮ್ಮ ಕೈ ತೊಳೆಯಲು ಹೋದಾಗ ಅವನು ಬಣ್ಣ ಕೆರೆಯುವ ಬ್ಲೇಡಿನಿಂದ ಸೌತೆಕಾಯಿ ಹೆಚ್ಚೋಣವೆಂದು ನೋಡಿದೆ. ಸಿಪ್ಪೆಯ ಮೇಲೆ ಗೀರೂ ಬೀಳಲಿಲ್ಲ. ಮರಗೆಲಸದವನ ಕೈಯಲ್ಲಿ ಚಮಚಕ್ಕಿಂತ ಮೊಂಡಾದ ಬ್ಲೇಡು! ಬಳಿಯುವ ಕಳ್ಳಿ ಒಬ್ಬಳು, ಕೆರೆಯದ ಕಳ್ಳ ಒಬ್ಬ, ಇಬ್ಬರಿಗೂ ಟೀ ಕಾಸಿಕೊಡುವ ಮೂರ್ಖಳು ನಾನು.

ಇವನ ಮನೆ ಹೇಗಿದೆ ನೋಡೋಣ ಅಂತ, ಚೆನ್ನಾಗಿಯೇ ಇದ್ದ ಕುರ್ಚಿಯೊಂದನ್ನು ರಿಪೇರಿಗೆ ಹೊತ್ತುಕೊಂಡು ಅವನ ಅಂಗಡಿಗೆ ಹೋದೆ. ಅವನಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಅವನ ಅಪ್ಪ ಸ್ಟೂಲಿನ ಮೇಲೆ ಗೋಡೆಗೆ ಮುಖಮಾಡಿ ಕೂತಿದ್ದರು. ಗೋಡೆಯಲ್ಲಿ ಬೀರು ಇದ್ದ ಜಾಗ ಮಾತ್ರ ಬಿಳಿ. ಪಕ್ಕದಲ್ಲಿ ತಟ್ಟೆಯ ಊಟ ಹಾಗೇ ಆರಿತ್ತು.

"ಏನು ನೋಡ್ತಿದ್ದೀರಿ ಅಣ್ಣಾ?"

"ಅವಳ ಬೀರು. ನಾಳೆ ಬರುತ್ತೆ ಅಂತಾನೆ ಮಗ. ದಿನಾ ನಾಳೆ ಅಂತಾನೆ. ನಾನೇ ಏನೋ ಮಾಡಿಬಿಟ್ಟೆ ಅನ್ಸುತ್ತಮ್ಮ. ಏನು ಅಂತ ನೆನಪಾಗ್ತಿಲ್ಲ."

ತಂದಿದ್ದ ಕುರ್ಚಿಯನ್ನು ಮತ್ತೆ ಹೊತ್ತುಕೊಂಡೆ. ನಮ್ಮ ಯಜಮಾನರು ಚಪ್ಪಲಿ ಬಿಡುತ್ತಿದ್ದ ಜಾಗವನ್ನು ನಾನು ಇವತ್ತಿಗೂ ಬಳಸಿಕೊಂಡೇ ಗುಡಿಸುತ್ತೇನೆ.

ಮನೆಗೆ ಬಂದು, ಒಗ್ಗರಣೆ ಹಾಕದೆ, ಇದ್ದದ್ದನ್ನು ಇದ್ದ ಹಾಗೆ ಟೀಚರಮ್ಮನಿಗೆ ಹೇಳಿದೆ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅವರು ನನಗೆ ಹೇಳಲೇ ಇಲ್ಲ ಅಜ್ಜಿ."

"ನೀನು ಕೇಳಿದ್ಯಾ?"

ಮರುದಿನ ರಜೆ. ಬೆಳಕು ಹರಿಯುವ ಮುಂಚೆ ಕೂತವಳು ಬಿಸಿಲು ಇಳಿಯುವ ಮುಂಚೆ ಏಳಲಿಲ್ಲ. ತನ್ನದೇ ಹರಿತವಾದ ಬ್ಲೇಡು ಹಿಡಿದು ಹಳದಿಯೆಲ್ಲ ಕೆರೆದಳು. ಉಳಿದಿದ್ದ ಒಂದೊಂದು ಅಂಗೈ ಬಂದಾಗಲೂ ಆ ಮಗುವಿನ ಹೆಸರು ಹೇಳಿ, "ಸಾರಿ ಕಣೋ" ಅನ್ನುತ್ತಿದ್ದಳು. ಕೈತುಂಬ ಬೊಬ್ಬೆ. ಗುಮ್ಮ ಅಂಗಡಿ ಮುಚ್ಚಿ ಬರುವ ಮೊದಲೇ ಗಾಡಿಯವನನ್ನು ಕರೆಸಿ, ಬೀರು ಹೇರಿಸಿ ಅವನ ಮನೆಗೆ ಕಳಿಸಿಬಿಟ್ಟಳು. ಜೊತೆಗೆ ತಾನು ಹೋಗಲಿಲ್ಲ.

"ಹೋಗೇ, ಒಂದು ಮಾತು ಆಡಿ ಬಾ."

"ಯಾವ ಮುಖ ಇಟ್ಕೊಂಡು ಹೋಗ್ಲಿ ಅಜ್ಜಿ?"

ಅವನೂ ಬರಲಿಲ್ಲ. ಒಂದು ಸಂಜೆ, ಇನ್ನೊಂದು ಸಂಜೆ, ಇಡೀ ವಾರ. ಕ್ಲಾಸು ಹೇಗಿತ್ತೇ ಅಂದರೆ, "ಚೆನ್ನಾಗಿತ್ತು" ಅಂತ ಮೆಟ್ಟಿಲು ಹತ್ತುತ್ತಿದ್ದಳು. ಮೂರನೇ ಕ್ಲಾಸು ಎಲ್ಲಾದರೂ ಚೆನ್ನಾಗಿರುತ್ತಾ? ಅವಳ ಗೋಳು ನೋಡಲಾರೆ, ಅವನ ಮನೆಬಾಗಿಲಿಗೆ ಹೋಗಿ ನನ್ನ ಕೋಲಿನಿಂದ ನಾಲ್ಕು ಬಿಡೋಣ ಅಂತ ಹೊರಟೇಬಿಟ್ಟಿದ್ದೆ. ಅಷ್ಟರಲ್ಲಿ ಗೇಟಿನ ಮುಂದೆ ಗಾಡಿ ನಿಂತಿತು.

ಗುಮ್ಮ ಇಳಿದ. ಗಾಡಿಯಲ್ಲಿ ಇನ್ನೊಂದು ಬೀರು. ಬಾಗಿಲು ಯಾವುದೋ ಹಳೇ ಕಪಾಟಿನದು, ಡ್ರಾಯರು ಇನ್ಯಾವುದರದೋ. ಮಕ್ಕಳ ಕೈಗೆ ಎಟುಕುವಷ್ಟೇ ಎತ್ತರ. ಮೇಲೊಂದು ಬೀಗ ಹಾಕುವ ಗೂಡು, ಕತ್ತರಿಗೆ.

ಟೀಚರಮ್ಮ ಇಳಿದು ಬಂದಳು. ನಾನು ಬಾಗಿಲ ಹಿಂದೆ ಸೇರಿಕೊಂಡೆ. ಕದ್ದು ಕೇಳಲು ಅಲ್ಲ ಮಗಳೇ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ.

"ಅಪ್ಪ ಈಗ ಊಟ ಮಾಡ್ತಿದ್ದಾರೆ," ಅಂದ.

"ನೀವು ಹೇಳಬೇಕಿತ್ತು. ಅವರು ಅಲ್ಲಿ ಹಾಗೆ ಕೂತಿದ್ರೆ ನಾನು ಇಲ್ಲಿ ದಿನಾ ಬೆಳಿಗ್ಗೆ..." ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

"ಗೊತ್ತು."

"ಏನು ಗೊತ್ತು?"

"ಒಣಗಿದ ಬಣ್ಣ ಚಕ್ಕೆಯಾಗಿ ಬರುತ್ತೆ. ಹೊಸದು ಬ್ಲೇಡಿಗೆ ಅಂಟುತ್ತೆ. ಮೊದಲನೇ ಸಲಾನೇ ಗೊತ್ತಾಯ್ತು."

ಅವಳ ಮುಖ ಕೆಂಪಾಯಿತು. ಬಿಟ್ಟಳೇ? "ನಿಮ್ಮ ಬ್ಲೇಡು ಮೊಂಡು ಅಂತ ನನಗೂ ಮೊದಲನೇ ಸಲಾನೇ ಗೊತ್ತಾಯ್ತು!"

ನಗು ತಡೆಯಲಾರದೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅವರು ನಗಲಿಲ್ಲ.

"ತಪ್ಪು ಮಾಡಿದೆ," ಅಂದ ಅವನು. "ಅಪ್ಪನಿಗೆ ನಾಳೆ ನಾಳೆ ಅಂತ ಹೇಳಿ ಇಲ್ಲಿಗೆ ಬರ್ತಿದ್ದೆ. ನಿಮಗೆ ಮುಖ ತೋರಿಸೋಕೆ ಆಗಲಿಲ್ಲ."

"ಇಬ್ಬರೂ ಮಾಡಿದ್ವಿ," ಅಂದಳು ಮೆಲ್ಲಗೆ.

"ಇದು ಮಕ್ಕಳಿಗೆ. ಹಳದಿನೇ ಬಳೀರಿ. ಇದನ್ನ ಕೆರೆಯೋಕೆ ನಾನು ಬರಲ್ಲ."

"ಬರಲ್ವಾ?" ಅವಳ ದನಿ ಕುಸಿಯಿತು.

"ಕೆರೆಯೋಕೆ ಬರಲ್ಲ."

"ಮತ್ತೆ?"

"ಸುಮ್ನೆ ಬರ್ತೀನಿ."

"ಸುಮ್ನೆ ಅಂದ್ರೆ?"

"ಅಂದ್ರೆ... ನಾನು... ನಿಮಗೆ... ಅಪ್ಪನೂ..."

ಅಯ್ಯೋ ದೇವರೇ! ಬಾಗಿಲ ಹಿಂದಿನಿಂದ ಕೋಲು ಎಸೆಯೋಣ ಅನ್ನಿಸಿತು. ಅಷ್ಟರಲ್ಲಿ ಟೀಚರಮ್ಮ ಕ್ಲಾಸಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತಳು.

"ಪೂರ್ತಿ ವಾಕ್ಯದಲ್ಲಿ ಹೇಳಿ."

ಅವನು ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ಅವನು ಹುಟ್ಟಿದಾಗಿನಿಂದ ಆಡಿದ ಮಾತೆಲ್ಲ ಸೇರಿಸಿದರೂ ಅಷ್ಟು ಉದ್ದ ಆಗಿರಲಿಕ್ಕಿಲ್ಲ.

"ಕ್ಲಾಸಲ್ಲಿ ಇವತ್ತು ಏನಾಯ್ತು ಅಂತ ದಿನಾ ಸಂಜೆ ನಿಮ್ಮನ್ನ ಕೇಳಬೇಕು, ನನ್ನ ಆಯಸ್ಸು ಇರೋವರೆಗೂ ನಿಮ್ಮ ಬಾಯಿಂದಾನೇ ಅದನ್ನ ಕೇಳಬೇಕು ಅಂತ ಆಸೆ, ನೀವು ಒಪ್ಪಿದ್ರೆ."

ಅವಳು ಕಣ್ಣು ತಗ್ಗಿಸಿದಳು, ಎತ್ತಿದಳು, ಮತ್ತೆ ತಗ್ಗಿಸಿದಳು. ಆಮೇಲೆ ಒಂದೇ ಒಂದು ಮಾತು ಅಂದಳು. ಅಂದು, ಒಳಗೆ ಓಡಿಹೋಗಿ, ಹಳದಿ ಡಬ್ಬದ ಜೊತೆಗೆ ಎರಡು ಬ್ರಷ್ಷು ತಂದಳು.

ಏನಂದಳು ಅಂತ ನನ್ನ ಬಾಯಿ ಬಿಡಿಸಬೇಡ. ಇಷ್ಟು ಹೊತ್ತು ಕೂತು ಕೇಳಿದ್ದೀಯಲ್ಲ ಮಗಳೇ, ನೀನೇ ಊಹಿಸು ನೋಡೋಣ.