ಅತ್ತೆಯ ಕೆಂಪು ಡಬ್ಬಿ

“ಕತ್ತರಿ?”

“ಬೇಡ.”

“ಅಯ್ಯೋ, ಇದು ನನ್ನ ಬೆರಳುದ್ದಾನೂ ಇಲ್ವಲ್ಲೇ!”

“ಎಷ್ಟುದ್ದ ಇದ್ರೂ ಕತ್ತರಿ ಕತ್ತರೀನೇ ಅತ್ತೆ. ಸೂಟ್‌ಕೇಸಿಗೆ ಹಾಕು.”

ಅತ್ತೆ ಮುಖ ಸಪ್ಪಗೆ ಮಾಡಿಕೊಂಡು, ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ಸೂಟ್‌ಕೇಸಿನ ಮೂಲೆಗೆ ತುರುಕಿದಳು. ಪಿಟ್ಟಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದಿನ ವಸ್ತು ತಾ ಎಂಬಂತೆ ಕೈ ಚಾಚಿದಳು. ಹತ್ತು ವರ್ಷವಾದರೂ ಎರಡನೇ ಕ್ಲಾಸಿನವರ ಎತ್ತರವೇ ಇದ್ದುದರಿಂದ ಅವಳಿಗೆ ಪಿಟ್ಟಿ ಎಂದು ಹೆಸರು. ಇವತ್ತು ಮಾತ್ರ ಅತ್ತೆ ಅವಳನ್ನು ಆಫೀಸರಮ್ಮ ಎಂದೇ ಕರೆಯುತ್ತಿದ್ದಳು.

ಸುಮ್ಮನೆ ಬಂದ ಬಿರುದಲ್ಲ ಅದು. ಪಿಟ್ಟಿಯ ಅಮ್ಮನಿಗೆ ಏರ್‌ಪೋರ್ಟಿನಲ್ಲಿ ಕೆಲಸ. ಪ್ರಯಾಣಿಕರ ಕೈಚೀಲಗಳು ಒಂದು ಮಿಷಿನ್ನಿನೊಳಗೆ ಹೋಗುತ್ತವೆ, ಅಮ್ಮನ ಮುಂದಿರುವ ಟಿವಿಯಲ್ಲಿ ಅವುಗಳ ಹೊಟ್ಟೆಯೊಳಗೆ ಇರುವುದೆಲ್ಲ ಕಾಣುತ್ತದೆ. ಚಾಕು ತಂದವರು ಯಾರು, ಸ್ಕ್ರೂಡ್ರೈವರಿಗಾಗಿ ಜಗಳ ಆಡಿದವರು ಯಾರು, ಎಲ್ಲವನ್ನೂ ಅಮ್ಮ ಊಟದ ಹೊತ್ತಿಗೆ ಹೇಳುತ್ತಿದ್ದಳು. ಮಾರನೇ ದಿನ ಪಿಟ್ಟಿ ಅದನ್ನೇ ಉಪ್ಪು ಖಾರ ಹಚ್ಚಿ ಕ್ಲಾಸಿಗೆಲ್ಲ ಬಡಿಸುತ್ತಿದ್ದಳು. ಯಾರು ಏನೇ ಕೇಳಿದರೂ ಅವಳ ಹತ್ತಿರ ಉತ್ತರ ಸಿದ್ಧ. ‘ಗೊತ್ತಿಲ್ಲ’ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಕೇಳಿದವರೇ ಇರಲಿಲ್ಲ.

“ಇದು? ಕಣ್ಣಿಗೆ ಹೊಡೆಯೋ ಸ್ಪ್ರೇ. ನಿಮ್ಮಪ್ಪನೇ ತಂದ್ಕೊಟ್ಟಿದ್ದು, ಹೊಸ ಊರಲ್ಲಿ ಒಬ್ಬಳೇ ಇರ್ತೀಯ ಅಂತ.”

“ಅದನ್ನ ಮನೇಲೇ ಬಿಡು. ಮೊನ್ನೆ ಒಬ್ಬ ಆಂಟಿ ತಂದಿದ್ರಂತೆ, ಅಮ್ಮ ಕಿತ್ತು ಬುಟ್ಟಿಗೆ ಹಾಕಿದ್ಲು.”

“ಸೇಫ್ಟಿ ಪಿನ್ನು?”

ಪಿನ್ನಿನ ವಿಷಯ ಅಮ್ಮ ಯಾವತ್ತೂ ಹೇಳಿರಲಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಪಿಟ್ಟಿಯದು ಒಂದೇ ಉತ್ತರ.

“ಬೇಡ.”

“ಪಿನ್ನೂ ಬೇಡ್ವಾ! ಇಪ್ಪತ್ತು ವರ್ಷ ಬಸ್ಸಲ್ಲಿ ನನ್ನ ಕಾಪಾಡಿರೋದು ಇದೇ ಕಣೇ. ಬೇಕು ಬೇಕು ಅಂತ ಯಾರಾದ್ರೂ ಮೈಮೇಲೆ ಬಿದ್ರೆ ಒಂದೇ ಒಂದು ಚುಚ್ಚು. ಮುಂದಿನ ಸ್ಟಾಪಲ್ಲೇ ಇಳ್ಕೊಂಡು ಹೋಗ್ತಾರೆ.”

ಪಿಟ್ಟಿ ನಕ್ಕು, ಜೇಬಿನಿಂದ ತನ್ನ ಪಿ.ಟಿ. ಕ್ಲಾಸಿನ ವಿಷಲ್ ತೆಗೆದು ಅತ್ತೆಯ ಕೊರಳಿಗೆ ಹಾಕಿದಳು. “ಇದು ಸಾಕು. ಯಾರಾದ್ರೂ ತೊಂದ್ರೆ ಕೊಟ್ರೆ ಜೋರಾಗಿ ಊದು.”

ಅತ್ತೆ ಊದಿದಳು. ಪಕ್ಕದ ಮನೆಯ ನಾಯಿ ಬೊಗಳಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ಅಪ್ಪನ ತಂಗಿ. ಇದೇ ಮನೆಯಲ್ಲಿ, ಕಿಟಕಿ ಪಕ್ಕ ಹೊಲಿಗೆ ಮಿಷಿನ್ ಇಟ್ಟುಕೊಂಡು ಶಾಲೆಯ ನೀಲಿ ಲಂಗಗಳನ್ನು ಹೊಲಿಯುತ್ತಿದ್ದಳು. ವರ್ಷವಿಡೀ ಅದೇ ನೀಲಿ, ಅದೇ ನೆರಿಗೆ. ಅಂಥ ಅತ್ತೆಯನ್ನು ದೂರದ ಊರಿನ ಒಂದು ನಾಟಕ ಕಂಪನಿ ಕರೆದಿತ್ತು. ಮೂರು ತಿಂಗಳು ಅಲ್ಲೇ ಇದ್ದು ರಾಜ ರಾಣಿಯರ ಉಡುಪು ಹೊಲಿಯಬೇಕು. ಕೆಲಸ ಮೆಚ್ಚಿಕೆಯಾದರೆ ಕಾಯಂ.

ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಅತ್ತೆಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಪ್ರತಿ ಊಟಕ್ಕೂ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅದಿದ್ದರೆ ಅತ್ತೆ ಎಲ್ಲರ ಹಾಗೆಯೇ ಓಡಾಡಿಕೊಂಡು ಇರುತ್ತಾಳೆ. ಅದು ತಪ್ಪಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. “ನಿನ್ನ ಕೈಲಿ ಆಗಲ್ಲ, ಬೇಡ” ಎಂದು ಅಪ್ಪ ಒಂದು ತಿಂಗಳು ಹೇಳಿದ. “ಆಗುತ್ತೋ ಇಲ್ವೋ ಒಂದು ಸಲ ನೋಡೇಬಿಡ್ತೀನಿ ಅಣ್ಣ” ಎಂದು ಅತ್ತೆ ಒಂದು ತಿಂಗಳು ಹೇಳಿದಳು. ಕೊನೆಗೆ ಗೆದ್ದವಳು ಅತ್ತೆ.

ಈಗ ಅವಳು ಕೆಂಪು ಡಬ್ಬಿಯನ್ನು ಎತ್ತಿಕೊಂಡಳು. ಅದು ಪಿಟ್ಟಿಯೇ ಜೋಡಿಸಿದ ಡಬ್ಬಿ. ಕಷ್ಟ ಕಾಲಕ್ಕೆ ಬೇಕಾಗುವುದೆಲ್ಲ ಒಂದೇ ಕಡೆ ಇರಬೇಕು ಎಂದು ಸೈನ್ಸ್ ಮಿಸ್ ಹೇಳಿದ್ದರು. ಅದಕ್ಕೇ ಇನ್ಸುಲಿನ್ ಪೆನ್ನುಗಳು, ಅವುಗಳ ಸೂಜಿಗಳು, ಗ್ಲೂಕೋಸ್ ಪುಡಿ, ಡಾಕ್ಟರ ಚೀಟಿ, ಟಾರ್ಚು, ಬ್ಯಾಂಡೇಜು, ಫೋನ್ ನಂಬರುಗಳ ಕಾರ್ಡು, ಎಲ್ಲ ಅದರಲ್ಲೇ ಇದ್ದವು. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘ಎಮರ್ಜೆನ್ಸಿ’ ಎಂದು ಬರೆದವಳೂ ಪಿಟ್ಟಿಯೇ.

“ಇದು ಕೈಚೀಲಕ್ಕೆ,” ಎಂದಳು ಅತ್ತೆ.

ಪಿಟ್ಟಿಗೆ ಸೂಜಿಗಳು ನೆನಪಾದವು. ಪಿನ್ನೇ ಬೇಡ ಎಂದಮೇಲೆ ಸೂಜಿ ಹೇಗಾದೀತು? ಅಮ್ಮನಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಆದರೆ ಕೇಳಿದರೆ ಆಫೀಸರಮ್ಮನಿಗೆ ಗೊತ್ತಿಲ್ಲ ಎಂದಾಗುತ್ತಿತ್ತಲ್ಲ!

“ಸೂಟ್‌ಕೇಸಿಗೆ,” ಎಂದಳು.

“ನಿಜವಾಗ್ಲೂನಾ? ಇದನ್ನ ಯಾವಾಗ್ಲೂ ಹತ್ರಾನೇ ಇಟ್ಕೋ ಅಂತಾರೆ ಕಣೇ ಡಾಕ್ಟರು.”

“ಸೂಜಿ ಇದ್ಯಲ್ಲ ಅತ್ತೆ. ಎಲ್ಲರೆದುರು ಚೀಲ ಬಿಚ್ಚಿಸಿ ಕೇಳ್ತಾರೆ.” ಅತ್ತೆ ಇನ್ನೂ ಅನುಮಾನದಿಂದ ನೋಡುತ್ತಲೇ ಇದ್ದಳು. ಪಿಟ್ಟಿ ಸೇರಿಸಿದಳು: “ಅಮ್ಮಾನೇ ಹೇಳಿದ್ದಾಳೆ.”

ಅಮ್ಮ ಹೇಳಿರಲಿಲ್ಲ.

ಅತ್ತೆಗೆ ಇದು ಮೊದಲ ವಿಮಾನ ಪ್ರಯಾಣ. ಎಲ್ಲರೆದುರು ಚೀಲ ಬಿಚ್ಚಿಸುತ್ತಾರೆ ಎಂದು ಕೇಳಿಯೇ ಅವಳ ಮುಖ ಬಾಡಿತು. “ಅತ್ತಿಗೆ ಹೇಳಿದ್ಮೇಲೆ ಮುಗೀತು. ಬರೀ ಎರಡು ಗಂಟೆ ತಾನೇ,” ಎಂದು ಡಬ್ಬಿಯನ್ನು ಬಟ್ಟೆಗಳ ಮಧ್ಯೆ ಇಟ್ಟು ಜಿಪ್ ಎಳೆದಳು.

ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಸೂಟ್‌ಕೇಸ್ ಮಾತ್ರ ಬರಲಿಲ್ಲ.

ನಾಳೆ ಬರುತ್ತದೆ ಎಂದರಂತೆ ಅಲ್ಲಿನವರು. ನಾಳೆಯೂ ಬರಲಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿದರೆ ಡಾಕ್ಟರ ಚೀಟಿ ಬೇಕು ಎಂದರಂತೆ. ಚೀಟಿ ಡಬ್ಬಿಯೊಳಗೆ, ಡಬ್ಬಿ ಸೂಟ್‌ಕೇಸಿನೊಳಗೆ, ಸೂಟ್‌ಕೇಸ್ ಯಾವ ಊರಿನಲ್ಲೋ. ಮನೆಗೆ ಒಂದು ಫೋನ್ ಮಾಡಿದ್ದರೆ ಅಮ್ಮ ಹೇಗಾದರೂ ಚೀಟಿ ಕಳಿಸುತ್ತಿದ್ದಳು. ಅತ್ತೆ ಮಾಡಲಿಲ್ಲ. ಅಪ್ಪನಿಗೆ ತಿಳಿದರೆ ಏನು ಹೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಇನ್ನೊಂದು ದಿನ ತಾನೇ ಎಂದುಕೊಂಡು, ವಾಂತಿ ತಡೆದುಕೊಂಡು ಕೆಲಸಕ್ಕೆ ಹೋದಳು. ಮೂರನೇ ದಿನ ಬೆಳ್ಳಂಬೆಳಿಗ್ಗೆ ರಾಣಿಯ ಜರಿ ಲಂಗ ತೊಡೆಯ ಮೇಲಿದ್ದ ಹಾಗೆಯೇ ಮಿಷಿನ್ನಿನ ಮೇಲೆ ಕುಸಿದು ಬಿದ್ದಳು.

ಕಂಪನಿಯವರು ಆಸ್ಪತ್ರೆಗೆ ಸೇರಿಸಿ ಫೋನ್ ಮಾಡಿದಾಗ ಅಪ್ಪ ಹಲ್ಲುಜ್ಜುತ್ತಿದ್ದ. ಬಾಯಿ ಕೂಡ ತೊಳೆಯದೆ ಹೊರಟ. ನಾಲ್ಕು ದಿನ ಆಸ್ಪತ್ರೆಯ ಬೆಂಚಿನ ಮೇಲೇ ಕೂತಿದ್ದ. ಹತ್ತನೇ ದಿನ ತಂಗಿಯ ಕೈ ಹಿಡಿದುಕೊಂಡು ಮನೆಗೆ ಬಂದ. ಅವರ ಹಿಂದೆ, ಏನೂ ಆಗಿಲ್ಲವೆಂಬಂತೆ ಚಕ್ರ ಉರುಳಿಸಿಕೊಂಡು ಸೂಟ್‌ಕೇಸೂ ಬಂತು.

ಅತ್ತೆಯ ಅಂಗಿ ಹೆಗಲಿನಿಂದ ಜಾರುವಷ್ಟು ದೊಡ್ಡದಾಗಿತ್ತು. ಪಿಟ್ಟಿ ಬಾಗಿಲ ಹಿಂದೆಯೇ ನಿಂತಳು.

“ಔಷಧಿ ಡಬ್ಬೀನ ಯಾರಾದ್ರೂ ಸೂಟ್‌ಕೇಸಿಗೆ ಹಾಕ್ತಾರಾ?” ಎಂದಳು ಅಮ್ಮ, ಅತ್ತೆಯ ತಲೆ ಸವರುತ್ತಾ. “ಅದು ಕೈಯಲ್ಲೇ ಇರಬೇಕು ಕಣೇ. ಡಾಕ್ಟರ ಚೀಟಿ ತೋರಿಸಿದ್ರೆ ನಾವೇ ಬಿಡ್ತೀವಿ, ದಿನಾ ಎಷ್ಟು ಜನಾನ ಬಿಡ್ತೀವಿ. ನನ್ನನ್ನೊಂದು ಮಾತು ಕೇಳಬಾರದಿತ್ತಾ? ಯಾರು ಹೇಳಿದ್ದು ನಿನಗೆ ಹಾಗೆ ಹಾಕು ಅಂತ?”

ಪಿಟ್ಟಿ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಳು. ಅತ್ತೆ ಅವಳತ್ತ ನೋಡಲಿಲ್ಲ.

“ಯಾರೂ ಹೇಳಿಲ್ಲ ಅತ್ತಿಗೆ. ಗಡಿಬಿಡೀಲಿ ಹಾಕಿಬಿಟ್ಟೆ.”

ಬದುಕಿದೆ ಎಂದುಕೊಂಡಳು ಪಿಟ್ಟಿ. ಆ ಸಮಾಧಾನ ಎರಡು ದಿನವೂ ಉಳಿಯಲಿಲ್ಲ. ಮನೆಗೆ ಬಂದವರಿಗೆಲ್ಲ ಅಪ್ಪ ಅದೇ ಪುರಾಣ ಊದಿದ್ದೇ ಊದಿದ್ದು. “ಬಡ್ಕೊಂಡೆ, ಕೇಳಲಿಲ್ಲ. ತನ್ನ ಔಷಧಿ ಎಲ್ಲಿಡಬೇಕು ಅಂತಾನೂ ಗೊತ್ತಿಲ್ಲ, ರಾಣಿ ಲಂಗ ಹೊಲಿಯೋಕೆ ಹೋಗಿದ್ಲು!” ಬಂದವರು ಲೊಚಗುಟ್ಟುತ್ತಿದ್ದರು. ಕಿಟಕಿ ಪಕ್ಕ ಅತ್ತೆ ತಲೆ ಎತ್ತದೆ ನೀಲಿ ಲಂಗ ಹೊಲಿಯುತ್ತಿದ್ದಳು. ಪ್ರತಿ ಸಲವೂ ಅಪ್ಪ ಬೈಯುತ್ತಿದ್ದುದು ನಿಜವಾಗಿ ತನ್ನನ್ನೇ ಎಂದು ಪಿಟ್ಟಿಗೆ ಅನಿಸುತ್ತಿತ್ತು. ಅಪ್ಪನಿಗೆ ಮಾತ್ರ ಅದು ತಿಳಿದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆಯ ಫೋನ್ ಬಡಿದುಕೊಂಡಿತು. ನಾಟಕ ಕಂಪನಿಯ ಮೇಷ್ಟ್ರು. ಅತ್ತೆ “ಹೌದು ಸರ್, ಈಗ ಹುಷಾರಾಗಿದ್ದೀನಿ ಸರ್” ಎಂದು ಎದ್ದು ನಿಂತೇ ಮಾತಾಡಿದಳು. ಫೋನ್ ಇಟ್ಟಾಗ ಅವಳ ಕಿವಿ ಕೆಂಪಾಗಿತ್ತು.

“ಮುಂದಿನ ತಿಂಗಳು ಇನ್ನೊಂದು ನಾಟಕ ಇದ್ಯಂತೆ ಅಣ್ಣ. ನಾನು ಹೊಲಿದಿದ್ದ ರಾಜನ ಅಂಗಿಯ ಒಂದು ತೋಳು ಅವರಿಗೆ ತುಂಬ ಹಿಡಿಸ್ತಂತೆ. ಬನ್ನಿ ಅಂತಿದ್ದಾರೆ.”

“ಆ ಮಾತು ಇನ್ನೊಂದು ಸಲ ಎತ್ತಬೇಡ,” ಎಂದ ಅಪ್ಪ. “ಆಸ್ಪತ್ರೇಲಿ ನಿನ್ನ ನೋಡಿದೋನು ನಾನು. ತನ್ನ ಡಬ್ಬಿ ತಾನು ನೋಡ್ಕೊಳ್ಳೋಕೆ ಬರದವಳು...”

“ನಾನೇ ಹೇಳಿದ್ದು!”

ಎಲ್ಲರೂ ಪಿಟ್ಟಿಯತ್ತ ತಿರುಗಿದರು. ಅತ್ತೆ ಮಾತ್ರ ಬೇಡ ಎಂಬಂತೆ ತಲೆ ಆಡಿಸಿದಳು. ಪಿಟ್ಟಿ ಅದನ್ನು ನೋಡಿದಳು, ಆದರೆ ಬಾಯಿಗೆ ಬಂದ ಮಾತು ನಿಲ್ಲಲಿಲ್ಲ.

“ಅತ್ತೆ ಕೈಚೀಲಕ್ಕೇ ಹಾಕ್ತಿದ್ಲು. ಸೂಜಿ ಇದೆ, ಸೂಟ್‌ಕೇಸಿಗೆ ಹಾಕು ಅಂತ ನಾನೇ ಹೇಳ್ದೆ. ಅಮ್ಮ ಹೇಳಿದ್ದಾಳೆ ಅಂತ ಸುಳ್ಳು ಹೇಳ್ದೆ. ಅತ್ತೆದು ತಪ್ಪಿಲ್ಲಪ್ಪ. ಅವಳನ್ನ ಕಳ್ಸು.”

“ನನ್ನ ಹೆಸರು ಹೇಳಿದ್ಯಾ?” ಎಂದಳು ಅಮ್ಮ. ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಪಿಟ್ಟಿ ಏಟಿಗೆ ಕೂಡ ತಯಾರಾಗಿ, ಕಣ್ಣು ಮುಚ್ಚಿ ಕೂತಿದ್ದಳು. ಆದರೆ ಅಪ್ಪ ಅತ್ತೆಯ ಕಡೆಗೆ ಕೈ ತೋರಿಸಿ ಅಮ್ಮನಿಗೆ ಹೇಳಿದ.

“ನೋಡಿದ್ಯಾ? ಹತ್ತು ವರ್ಷದ ಮಗು ಹೇಳ್ತಂತೆ, ಇವಳು ಕೇಳಿದ್ಲಂತೆ! ಹೀಗಿರೋಳನ್ನ ಒಬ್ಬಳನ್ನೇ ಕಳಿಸ್ಬೇಕಂತೆ. ಮುಗೀತು, ಇನ್ನು ಮಾತಿಲ್ಲ.”

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತಟ್ಟೆಯಲ್ಲಿ ಅರ್ಧ ಊಟ ಹಾಗೆಯೇ ಇತ್ತು.

ಸ್ವಲ್ಪ ಹೊತ್ತು ಬಿಟ್ಟು ಪಿಟ್ಟಿ ಹೊಲಿಗೆ ಮಿಷಿನ್ನಿನ ಹತ್ತಿರ ಹೋಗಿ ನಿಂತಳು. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೂರು ಸಲ ತಪ್ಪಿತು.

“ನಾನು ನಿಜ ಹೇಳಿದ್ರೆ ಅಪ್ಪ ಒಪ್ಕೋತಾನೆ ಅಂದ್ಕೊಂಡೆ ಅತ್ತೆ.”

“ನಿನ್ನ ಬೈತಾರೆ ಅಂತ ಮಾತ್ರ ನಾನು ಸುಮ್ಮನಿದ್ದೆ ಅಂದ್ಕೊಂಡ್ಯಾ?” ಅತ್ತೆಯ ದನಿ ಒರಟಾಗಿತ್ತು. “ಅದೂ ಇತ್ತು. ಆದ್ರೆ ಗಡಿಬಿಡೀಲಿ ಹಾಕಿಬಿಟ್ಟೆ ಅಂದ್ರೆ ಅದು ಒಂದು ದಿನದ ತಪ್ಪು. ಮಗು ಮಾತು ಕೇಳ್ದೆ ಅಂದ್ರೆ, ನಿಮ್ಮಪ್ಪನ ಲೆಕ್ಕದಲ್ಲಿ ನಾನೂ ಮಗೂನೇ. ಯಾವತ್ತಿದ್ರೂ ಮಗೂನೇ.”

“ನನ್ಮೇಲೆ ಸಿಟ್ಟಿದ್ಯಾ?”

“ಇದೆ.”

ದಾರ ಸೂಜಿಗೆ ಹೋಯಿತು. ಅತ್ತೆ ಅದನ್ನು ಎಳೆದು ಗಂಟು ಹಾಕಿದಳು.

“ಹೋಗುತ್ತೆ. ಇವತ್ತು ಹೋಗಲ್ಲ.”

ಆಮೇಲೆ ಮನೆ ಮೊದಲಿನ ಹಾಗೇ ನಡೆಯಿತು. ಅತ್ತೆ ಪಿಟ್ಟಿಯ ಜಡೆ ಹಾಕುತ್ತಿದ್ದಳು, ಊಟ ಬಡಿಸುತ್ತಿದ್ದಳು. ಆಫೀಸರಮ್ಮ ಎಂದು ಮಾತ್ರ ಒಂದು ದಿನವೂ ಕರೆಯಲಿಲ್ಲ. ವಿಷಲ್ ಒಂದು ಬೆಳಿಗ್ಗೆ ಪಿಟ್ಟಿಯ ಸ್ಕೂಲ್ ಬ್ಯಾಗಿನ ಮೇಲೆ ಇತ್ತು. ಪಿಟ್ಟಿ ಅದನ್ನು ಊದಲಿಲ್ಲ, ಬ್ಯಾಗಿನ ತಳಕ್ಕೆ ಹಾಕಿದಳು.

ಎರಡು ವಾರ ಕಳೆದಿರಬೇಕು. ಒಂದು ಸಂಜೆ ಪಿಟ್ಟಿ ಹೋಂವರ್ಕ್ ಮಾಡುತ್ತಾ ಹೊಲಿಗೆ ಮಿಷಿನ್ನಿನ ಕಡೆ ನೋಡಿದಳು. ಮೇಜಿನ ಮೇಲೆ ಮಿಕ್ಕಿದ ನೀಲಿ ಬಟ್ಟೆ ಹರಡಿತ್ತು. ಅದರ ಮೇಲೆ ಕೆಂಪು ಡಬ್ಬಿ. ಅತ್ತೆ ಸೀಮೆಸುಣ್ಣದಿಂದ ಡಬ್ಬಿಯ ಸುತ್ತ ಗೆರೆ ಎಳೆದು, ಎರಡು ಬೆರಳು ಜಾಸ್ತಿ ಬಿಟ್ಟು ಬಟ್ಟೆ ಕತ್ತರಿಸಿದಳು. ಆಮೇಲೆ ಉದ್ದದ ಒಂದು ಪಟ್ಟಿ ತೆಗೆದು ತನ್ನ ಸೊಂಟಕ್ಕೆ ಸುತ್ತಿ ಅಳತೆ ನೋಡಿದಳು. ಪಟ್ಟಿಯ ತುದಿಗೆ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿದಳು.

ಅದು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ. ಸೂಟ್‌ಕೇಸ್ ಯಾವ ಊರಿಗೇ ಹೋದರೂ ಡಬ್ಬಿ ಮೈಮೇಲೇ ಇರುತ್ತದೆ. ಪಿಟ್ಟಿಗೆ ಅದು ಅರ್ಥವಾಗಲು ಎರಡು ಕ್ಷಣ ಬೇಕಾಗಲಿಲ್ಲ. ಅತ್ತೆ ತಲೆ ಎತ್ತಿದಳು. ಇಬ್ಬರ ಕಣ್ಣೂ ಒಂದು ಸಲ ಸೇರಿತು. ಅತ್ತೆ ಮಿಷಿನ್ ತುಳಿಯತೊಡಗಿದಳು.

ಅಪ್ಪ ಕೆಲಸದಿಂದ ಬಂದವನು ಚಪ್ಪಲಿ ಬಿಡುತ್ತಾ ಕೇಳಿದ, “ಏನೇ ಪಿಟ್ಟಿ, ನಿಮ್ಮತ್ತೆ ಇಷ್ಟು ಹೊತ್ತಾದ್ರೂ ಏನು ಹೊಲೀತಿದ್ದಾಳೆ?”

ಮಿಷಿನ್ ನಿಂತಿತು.

“ಗೊತ್ತಿಲ್ಲಪ್ಪ,” ಎಂದಳು ಪಿಟ್ಟಿ.

ಅಪ್ಪ ಮುಖ ತೊಳೆಯಲು ಒಳಗೆ ಹೋದ. ಮಿಷಿನ್ ಮತ್ತೆ ಓಡಿತು. ಪಿಟ್ಟಿ ಪುಸ್ತಕದತ್ತ ತಲೆ ಬಗ್ಗಿಸಿದಳು. ಅತ್ತೆ ಹೊರಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಈ ಸಲ ಪ್ಯಾಕ್ ಮಾಡಲು ತನ್ನನ್ನು ಕರೆಯುವುದಿಲ್ಲ ಎಂದೂ ಗೊತ್ತಿತ್ತು.